ರಬ್ಬರು ಮೈಗೆ ಒಗ್ಗದವರ ವಿಷಯ

ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದುವುದಕ್ಕೆಂದು ಬರುವವರು ಎಷ್ಟೋ, ಅರ್ಜಿ ಬರೆಸಿಕೊಳ್ಳುವುದಕ್ಕೆಂದು ಬರುವವರೂ ಅಷ್ಟೇ. ಬ್ಯಾಂಕಿನ ಫಾರಂ, ಇ.ಎಸ್.ಐ. ಕಾಗದ, ಮಕ್ಕಳ ಶಾಲೆಯ ಅರ್ಜಿ, ಆಸ್ಪತ್ರೆಯ ಚೀಟಿ, ಹೀಗೆ. ತಮಿಳಾಗಲಿ ಇಂಗ್ಲಿಷಾಗಲಿ ಓದಲು ಬಾರದ ಬಂಧುಗಳಿಗೆ ಇವನ್ನು ತುಂಬಿಕೊಡುವುದು ಭಾನುವಾರದ ನಮ್ಮ ಪಾಲಿನ ಕೆಲಸ. ವಾರವೆಲ್ಲ ಗಿರಣಿಯ ಕಚೇರಿಯಲ್ಲಿ ಕಾಲಂ ತುಂಬಿ ತುಂಬಿ ಕೈಗೆ ಬಂದ ಅಭ್ಯಾಸವಿದೆಯಲ್ಲ, ಕಾಲಂ ಕಂಡರೆ ಸಾಕು, ಲೇಖಣಿ ತಾನಾಗಿಯೇ ಓಡುತ್ತದೆ. ಆ ಓಟದಿಂದ ಆದ ಒಂದು ತಪ್ಪನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇವೆ.

ಕುಂದಾಪುರದ ಕಡೆಯವರೊಬ್ಬರು ಇಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮತ್ತು ಪಾರ್ಸೆಲ್ ಕಟ್ಟುವ ಕೆಲಸದಲ್ಲಿದ್ದಾರೆ. ವಾಚನಾಲಯದ ಹಳೆಯ ಗಿರಾಕಿ. 2020ರಲ್ಲಿ ಕೊರೊನಾ ಬಂದ ಮೇಲೆ ಅವರ ಹೋಟೆಲಿನಲ್ಲಿ ಎಲ್ಲರಿಗೂ ರಬ್ಬರಿನ ಕೈಗವಸು ಕಡ್ಡಾಯವಾಯಿತು. ರೋಗದ ಭಯ ಹೋದರೂ ಗವಸು ಹೋಗಲಿಲ್ಲ. ಗಿರಾಕಿಗಳಿಗೆ ನೋಡಲು ಚೊಕ್ಕಟವಾಗಿ ಕಾಣುತ್ತದೆಂದು ಹಾಗೆಯೇ ಉಳಿಯಿತು. ವರ್ಷ ಎರಡಾಗುವಷ್ಟರಲ್ಲಿ ಅವರ ಮುಂಗೈ ಕೆಂಪಾಗಿ ಬಿರಿಯತೊಡಗಿತು. ಪತ್ರಿಕೆ ಹಿಡಿದು ಕೂತವರು ನಡುನಡುವೆ ಕೈ ಕೆರೆದುಕೊಳ್ಳುವುದನ್ನು ನಾವೂ ಕಂಡಿದ್ದೆವು. ಕೇಳಿದರೆ, "ಎಂತದೂ ಇಲ್ಲ ಮಾರಾಯ್ರೆ, ಸೋಪಿನ ಪುಡಿಯದ್ದು" ಎಂದರು. ತೆಂಗಿನೆಣ್ಣೆ ಹಚ್ಚಿಕೊಳ್ಳಿ ಎಂದು ನಾವೂ ವೈದ್ಯ ಹೇಳಿ ಕಳಿಸಿದೆವು.

ಆಮೇಲೊಂದು ಭಾನುವಾರ ಹಲ್ಲು ಕೀಳಿಸಲು ಹೋಗಬೇಕೆಂದು ಒಂದು ಕ್ಲಿನಿಕ್ಕಿನ ಫಾರಂ ತಂದರು. ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಉಂಟೆ, ರಕ್ತದ ಒತ್ತಡ ಉಂಟೆ, ಅಲರ್ಜಿ ಉಂಟೆ ಎಂದು ಸಾಲಾಗಿ ಕೇಳಿತ್ತು. ಮೊದಲಿನೆರಡಕ್ಕೆ ಅವರನ್ನು ಕೇಳಿ ಬರೆದೆವು. ಮೂರನೆಯದಕ್ಕೆ ಕೇಳದೆಯೇ "ಇಲ್ಲ" ಎಂದು ಬರೆದುಬಿಟ್ಟೆವು. ಬಿರಿದ ಆ ಎರಡು ಕೈಗಳೂ ಅದೇ ಮೇಜಿನ ಮೇಲೆ, ನಮ್ಮ ಫಾರಮಿನ ಪಕ್ಕದಲ್ಲಿಯೇ ಇದ್ದವು.

ಮರುದಿನ ಹಲ್ಲಿನ ವೈದ್ಯರು ಗವಸು ತೊಟ್ಟ ಬೆರಳನ್ನು ಬಾಯೊಳಗಿಟ್ಟು ಕೆಲಸ ಶುರುಮಾಡಿದ ಹತ್ತು ನಿಮಿಷದೊಳಗೆ ಇವರ ತುಟಿ ಊದಿತು, ಕುತ್ತಿಗೆ ಎದೆಯ ಮೇಲೆ ಗಂಧೆ ಎದ್ದಿತು, ಉಸಿರು ಸುಯ್ ಸುಯ್ ಎನ್ನತೊಡಗಿತು, ಕಣ್ಣು ಕತ್ತಲೆಯಿಟ್ಟಿತು. ವೈದ್ಯರು ತಡಮಾಡದೆ ತೊಡೆಗೆ ಅಡ್ರಿನಲಿನ್ ಸೂಜಿ ಚುಚ್ಚಿ, ಮಲಗಿಸಿ, 108ಕ್ಕೆ ಫೋನು ಮಾಡಿಸಿದರು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮರಗಟ್ಟಿಸುವ ಇಂಜೆಕ್ಷನ್ ಒಗ್ಗಲಿಲ್ಲವೆಂದು ಎಲ್ಲರೂ ಮೊದಲು ಎಣಿಸಿದ್ದು. ಮುಂದೆ ತಜ್ಞರ ಬಳಿ ಪರೀಕ್ಷೆಯಾದಾಗ ಆ ಔಷಧದ ತಪ್ಪೇನೂ ಇರಲಿಲ್ಲ. ಒಗ್ಗದೆ ಇದ್ದುದು ಗವಸಿನ ರಬ್ಬರು ಎಂದು ತಿಳಿಯಿತು. ಹಲ್ಲಿನ ವೈದ್ಯರು ನಮ್ಮನ್ನು ಬೈಯಲಿಲ್ಲ. ಫಾರಮಿನ ಆ ಸಾಲನ್ನು ತೋರಿಸಿ, "ಇದನ್ನು ಬರೆದವರು ಯಾರು?" ಎಂದು ಮಾತ್ರ ಕೇಳಿದರು.

ಆ ದಿನದಿಂದ ಈ ವಿಷಯವನ್ನು ಓದಿ, ಬಲ್ಲ ವೈದ್ಯರನ್ನು ಕೇಳಿ, ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ಮೆಟ್ರಿಕ್ ಓದಿದ ಗುಮಾಸ್ತರೇ ಹೊರತು ವೈದ್ಯರಲ್ಲ. ವೈದ್ಯರ ಬಳಿ ಹೋಗುವ ಮೊದಲು ತಿಳಿದಿರಬೇಕಾದಷ್ಟು ಮಾತ್ರ ಇಲ್ಲಿದೆ.

ರಬ್ಬರ್ ಎಂದರೆ ಒಂದು ಮರದ ಹಾಲು. ದಕ್ಷಿಣ ಕನ್ನಡ, ಕಾಸರಗೋಡು ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ನಸುಕಿನಲ್ಲಿ ಎದ್ದು ತೊಗಟೆಯನ್ನು ಓರೆಯಾಗಿ ತೆಳ್ಳಗೆ ಕೆತ್ತುತ್ತಾರೆ. ಬಿಳಿಯ ಹಾಲು ಸಾಲಿನಲ್ಲಿಳಿದು ಚಿಪ್ಪಿಗೆ ಬೀಳುತ್ತದೆ. ಈ ಹಾಲಿಗೇ ಲ್ಯಾಟೆಕ್ಸ್ ಎಂದು ಹೆಸರು. ಮರದ ಮೂಲ ಊರು ದಕ್ಷಿಣ ಅಮೆರಿಕದ ಬ್ರೆಜಿಲ್. 1876ರಲ್ಲಿ ಹೆನ್ರಿ ವಿಕ್ಹ್ಯಾಂ ಎಂಬ ಇಂಗ್ಲಿಷಿನವನು ಅಲ್ಲಿಂದ ಬೀಜಗಳನ್ನು ಲಂಡನ್ನಿಗೆ ಸಾಗಿಸಿದ ಮೇಲೆ ಅದು ಏಷ್ಯದಲ್ಲೆಲ್ಲ ಹಬ್ಬಿತು. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುವ ಕೆಲಸಕ್ಕೆ ನಿಂತವರು, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ತರುವಾಯ ಸಿಲೋನಿನಿಂದ ಬಂದ ತಮಿಳು ಕುಟುಂಬಗಳವರು. ಅವರು ನಮ್ಮ ಭಾಷೆಯ ಊರಿನಲ್ಲಿ, ನಾವು ಅವರ ಭಾಷೆಯ ಊರಿನಲ್ಲಿ! ನಡುವೆ ಈ ಹಾಲು.

ನಮ್ಮ ಚೆನ್ನೈಗೂ ಇದರ ನಂಟು ಹಳೆಯದು. ಇಂದು ಎಂ.ಆರ್.ಎಫ್. ಎಂದು ಟೈರಿಗೆ ಹೆಸರಾದ ಮದರಾಸ್ ರಬ್ಬರ್ ಫ್ಯಾಕ್ಟರಿ 1946ರಲ್ಲಿ ಆರಂಭವಾದುದು ಟೈರಿನಿಂದಲ್ಲ; ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಕೆ. ಎಂ. ಮಾಮ್ಮೆನ್ ಮಾಪ್ಪಿಳ್ಳೆಯವರು ಮಕ್ಕಳಾಡುವ ಬಲೂನು ಮಾಡಿಸುತ್ತಿದ್ದರು. ಬಲೂನಿಗೂ ಟೈರಿಗೂ ಇರುವ ವ್ಯತ್ಯಾಸವು ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದುದರಿಂದ ಇದನ್ನು ಎತ್ತಿದೆವು.

ಟೈರಿಗೆ, ಚಪ್ಪಲಿಗೆ ಬೇಕಾದ ರಬ್ಬರಾದರೆ ಹಾಲಿಗೆ ಹುಳಿ ಹಾಕಿ ಹೆಪ್ಪುಗಟ್ಟಿಸಿ, ಹಾಳೆಮಾಡಿ, ಒಣಗಿಸಿ, ಮೇಲೆ ಗಂಧಕ ಸೇರಿಸಿ ಚೆನ್ನಾಗಿ ಕಾಯಿಸುತ್ತಾರೆ. ಹಾಲಿನಲ್ಲಿ ರಬ್ಬರಿನ ಜೊತೆಗೇ ಇದ್ದ ಸಸಾರಜನಕದ ಅಂಶ, ಎಂದರೆ ಪ್ರೋಟೀನು, ಈ ಕ್ರಮದಲ್ಲಿ ಬಹುಪಾಲು ಕಳೆದುಹೋಗುತ್ತದೆ. ಕೈಗವಸು, ಬಲೂನು, ನಾವು ಗುಮಾಸ್ತರು ಕಾಗದ ಎಣಿಸಲು ಹಾಕಿಕೊಳ್ಳುವ ಬೆರಳಿನ ಟೋಪಿ ಇವುಗಳ ಕಥೆ ಬೇರೆ. ಹಾಲು ಕೆಡದಂತೆ ಅಮೋನಿಯಾ ಹಾಕಿಟ್ಟು, ಅದರಲ್ಲಿ ಕೈಯಾಕಾರದ ಅಚ್ಚನ್ನು ಮುಳುಗಿಸಿ ತೆಗೆದು, ಅಂಟಿಕೊಂಡ ತೆಳುಪೊರೆಯನ್ನು ಸ್ವಲ್ಪ ಕಾಯಿಸಿ ಕಳಚುತ್ತಾರೆ. ಚೆನ್ನಾಗಿ ನೀರಿನಲ್ಲಿ ತೊಳೆದರೆ ಪ್ರೋಟೀನು ಕಡಿಮೆಯಾಗುತ್ತದೆ, ಅವಸರದಲ್ಲಿ ತೊಳೆದರೆ ಉಳಿಯುತ್ತದೆ. ಅಗ್ಗದ ಮಾಲಿನಲ್ಲಿ ತೊಳೆತ ಕಡಿಮೆ ಎಂಬುದನ್ನು ಗಿರಣಿಯವರಾದ ನಾವು ಸುಲಭವಾಗಿ ನಂಬಬಲ್ಲೆವು.

ಹೀಗೆ ಉಳಿದ ಪ್ರೋಟೀನೇ ಕೆಲವರ ಮೈಗೆ ಶತ್ರುವಾಗಿ ತೋರುತ್ತದೆ. ಮೊದಲ ಕೆಲವು ಸಲ ಏನೂ ಆಗುವುದಿಲ್ಲ. ಆ ಕಾಲದಲ್ಲಿ ಮೈ ಒಳಗೊಳಗೇ ಖಾತೆ ತೆರೆಯುತ್ತಿರುತ್ತದೆ; ಅದನ್ನು ಗುರುತಿಸುವ ಐ.ಜಿ.ಇ. ಎಂಬ ವಸ್ತುವನ್ನು ರಕ್ತದಲ್ಲಿ ಸಿದ್ಧಮಾಡಿಟ್ಟುಕೊಳ್ಳುತ್ತದೆ. ಹಾಗೆ ಖಾತೆ ತೆರೆದಾದ ಮೇಲೆ ಒಂದು ದಿನ ಅದೇ ಪ್ರೋಟೀನು ಮತ್ತೆ ತಗಲಿದಾಗ, ಚರ್ಮದಡಿಯಿಂದಲೂ ಶ್ವಾಸನಾಳದಿಂದಲೂ ಹಿಸ್ಟಮಿನ್ ಮುಂತಾದ ರಸಗಳು ಒಮ್ಮೆಲೇ ಹೊರಬೀಳುತ್ತವೆ. ತುರಿಕೆ, ಬಾವು, ಉಸಿರಿನ ಕಟ್ಟು ಎಲ್ಲವೂ ಆ ರಸಗಳಿಂದಲೇ. "ಇಷ್ಟು ವರ್ಷ ಗವಸು ಹಾಕಿದ್ದೇನೆ, ಏನೂ ಆಗಿಲ್ಲ, ಈಗೇಕೆ ಆದೀತು" ಎಂಬ ಮಾತಿಗೆ ಆಧಾರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಬಹಳ ಕಾಲ ಹಾಕಿದವರಿಗೇ ಇದು ಹೆಚ್ಚು.

ಆದರೆ ಗವಸು ತೊಟ್ಟು ಕೈ ಕೆಟ್ಟವರಿಗೆಲ್ಲ ಈ ಅಲರ್ಜಿಯೇ ಎಂದು ಹೆದರಬೇಕಾಗಿಲ್ಲ. ಕೈ ಕೆಡುವುದು ಮೂರು ಬಗೆಯಿಂದ. ಈ ಮೂರನ್ನು ಬಿಡಿಸಿ ತಿಳಿಯುವುದರಲ್ಲಿಯೇ ಎಲ್ಲ ಇದೆ.

ಒಂದನೆಯದು ಬರಿಯ ಉರಿ. ಗವಸಿನೊಳಗೆ ಬೆವರು ನಿಲ್ಲುವುದು, ಸೋಪು ಸರಿಯಾಗಿ ತೊಳೆದುಹೋಗದಿರುವುದು, ಒಳಗಿನ ಪುಡಿ ಉಜ್ಜುವುದು, ಇವುಗಳಿಂದ ಚರ್ಮ ಒಣಗಿ ಬಿರಿಯುತ್ತದೆ. ಚೆನ್ನೈಯ ಸೆಕೆಯಲ್ಲಿ ಇದು ಬಹಳ ಸಾಮಾನ್ಯ. ಇದು ಅಲರ್ಜಿಯಲ್ಲ, ಕೈಯನ್ನು ಒಣಗಿಸಿ, ಎಣ್ಣೆ ಪಸೆ ಕೊಟ್ಟು, ಗವಸನ್ನು ಆಗಾಗ ಬದಲಿಸಿದರೆ ವಾಸಿಯಾಗುತ್ತದೆ. ಹಾಗೆಂದು ಉದಾಸೀನ ಮಾಡಲೂ ಕೂಡದು. ಬಿರಿದ ಚರ್ಮವು ಬೀಗವಿಲ್ಲದ ಬಾಗಿಲು. ರಬ್ಬರಿನ ಪ್ರೋಟೀನು ಅದರ ಮೂಲಕವೇ ಒಳಹೊಗುವುದು. ನಮ್ಮ ಕುಂದಾಪುರದ ಬಂಧುವಿಗೂ ಮೊದಲು ಇದೇ ಆಗಿ ಆಮೇಲೆ ಮತ್ತೊಂದಾಗಿರಬೇಕು ಎಂದು ತಜ್ಞರ ಅಭಿಪ್ರಾಯ.

ಎರಡನೆಯದು ತಡವಾಗಿ ಬರುವ ಅಲರ್ಜಿ. ಇದು ರಬ್ಬರ್ ಹಾಲಿನಿಂದಲ್ಲ, ರಬ್ಬರನ್ನು ಬೇಗ ಹದಗೊಳಿಸಲು ಕಾರ್ಖಾನೆಯಲ್ಲಿ ಬೆರೆಸುವ ಥೈಯುರಾಮ್, ಕಾರ್ಬಮೇಟ್ ಮೊದಲಾದ ರಾಸಾಯನಿಕಗಳಿಂದ. ಮಾವಿನಕಾಯಿಯ ಸೊನೆ ತಗಲಿ ತುಟಿಯಂಚು ಮರುದಿನ ಹುಣ್ಣಾಗುವುದನ್ನು ಎಲ್ಲರೂ ಬಲ್ಲರು. ಗೇರಿನ ಸೊನೆಯೂ ಹಾಗೆಯೇ. ಇದೂ ಅದೇ ಜಾತಿ. ಗವಸು ಹಾಕಿದ ದಿನ ಏನೂ ಇಲ್ಲ. ಒಂದೆರಡು ದಿನ ಕಳೆದು, ರಬ್ಬರು ತಗಲಿದ ಜಾಗದಲ್ಲಿ ಮಾತ್ರ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ. ಇದು ಕಾಡುತ್ತದೆ, ಪ್ರಾಣಕ್ಕೆ ತರುವುದಿಲ್ಲ.

ಈ ಎರಡನೆಯ ಬಗೆಯಲ್ಲಿ ನಾವೂ ಒಬ್ಬರು ಎಂದು ಈ ವಿಚಾರಣೆಯಲ್ಲಿ ಗೊತ್ತಾಯಿತು! ಸಂಬಳದ ವಾರ ಬಂದರೆ ನಮ್ಮ ಬಲಗೈ ಹೆಬ್ಬೆರಳು ತೋರುಬೆರಳುಗಳ ತುದಿ ಸಿಪ್ಪೆ ಏಳುತ್ತಿತ್ತು. ಕಾಗದದ ಧೂಳೆಂದು ಸುಮ್ಮನಿದ್ದೆವು. ಬೆರಳಿನ ಟೋಪಿ ಬಿಟ್ಟು ಒದ್ದೆ ಸ್ಪಂಜಿನ ಡಬ್ಬಿ ಇಟ್ಟುಕೊಂಡೆವು. ಮೂರು ವಾರದಲ್ಲಿ ಬೆರಳು ಸರಿಹೋಯಿತು. ಹವಾಯಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ ಕೆಲವರಿಗೆ ಪಟ್ಟಿಯ ಆಕಾರದಲ್ಲೇ ತುರಿಕೆ ಬರುವುದೂ ಇದೇ. ಇನ್ನು ಕೆಲವರಿಗೆ ಚಪ್ಪಲಿಯ ರಬ್ಬರಿನಲ್ಲಿನ ರಾಸಾಯನಿಕದಿಂದ ಆ ಜಾಗ ಬೆಳ್ಳಗಾಗುವುದುಂಟು. ಕಾಲ ಮೇಲೆ ಬಿಳಿ ಮಚ್ಚೆ ಕಂಡೊಡನೆ ತೊನ್ನೆಂದು ಹೆದರಿ, ಮನೆಯಲ್ಲಿ ಮದುವೆಯ ಮಾತನ್ನೇ ನಿಲ್ಲಿಸುವ ಮೊದಲು ಚಪ್ಪಲಿಯನ್ನು ಪಕ್ಕದಲ್ಲಿಟ್ಟು ಆಕಾರ ಹೋಲಿಸಿ, ಚರ್ಮದ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮೂರನೆಯದೇ ನಿಜವಾದ ಲ್ಯಾಟೆಕ್ಸ್ ಅಲರ್ಜಿ. ಇದರ ಗುರುತು ವೇಗ. ರಬ್ಬರು ತಗಲಿದ ಕೆಲವೇ ನಿಮಿಷಗಳಲ್ಲಿ, ಬಹಳವಾದರೆ ಗಂಟೆಯೊಳಗೆ, ತುರಿಕೆ ಎದ್ದು ಸೊಳ್ಳೆ ಕಚ್ಚಿದಂತೆ ಉಬ್ಬಿದ ಗಂಧೆ ಬರುತ್ತದೆ. ಗವಸು ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆದುದರಿಂದಲೇ ವೈದ್ಯರ ಬಳಿ ಹೋಗುವ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ. ಗಂಧೆ ಎದ್ದಾಗಲೇ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ. ಕೆಲವರಿಗೆ ಕೈಗಿಂತ ಮೊದಲು ಮೂಗು ಸೋರುತ್ತದೆ, ಕಣ್ಣು ಉರಿಯುತ್ತದೆ, ಸೀನು ನಿಲ್ಲುವುದಿಲ್ಲ. ಪುಡಿ ಹಾಕಿದ ಗವಸನ್ನು ಪಕ್ಕದವರು ಚಟ್ಟನೆ ಕಳಚಿದರೂ ಸಾಕು. ಪುಡಿಗೆ ಅಂಟಿದ ಪ್ರೋಟೀನು ಗಾಳಿಯಲ್ಲಿ ತೇಲಿ ಮೂಗಿಗೆ ಹೋಗುತ್ತದೆ. ಬಲೂನು ಊದಿದಾಗ ತುಟಿ ಊದಿಕೊಳ್ಳುವುದು, ಹಲ್ಲಿನ ವೈದ್ಯರಲ್ಲಿಗೆ ಹೋಗಿ ಬಂದಾಗಲೆಲ್ಲ ಬಾಯಿ ತುರಿಸುವುದು, ಇವೂ ಗುರುತುಗಳೇ.

ಮತ್ತೊಂದು ಗುರುತು ಬಾಳೆಹಣ್ಣಿನಲ್ಲಿದೆ ಎಂದರೆ ನಂಬುವುದು ಕಷ್ಟ. ರಬ್ಬರ್ ಹಾಲಿನ ಕೆಲವು ಪ್ರೋಟೀನುಗಳನ್ನು ಹೋಲುವಂಥವು ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು, ಪಪ್ಪಾಯಿ ಮೊದಲಾದವುಗಳಲ್ಲಿ ಉಂಟು. ಲ್ಯಾಟೆಕ್ಸ್ ಅಲರ್ಜಿಯಿದ್ದ ಕೆಲವರಿಗೆ ಇವನ್ನು ತಿಂದಾಗ ಬಾಯಿ, ಗಂಟಲು ತುರಿಸುತ್ತದೆ. ಅಪರೂಪಕ್ಕೆ ಹೆಚ್ಚೂ ಆಗುತ್ತದೆ. ನಮ್ಮ ಬಂಧುವನ್ನು ಆಮೇಲೆ ಕೇಳಿದರೆ, ಹೋಟೆಲಿನ ಊಟದೊಡನೆ ಬರುವ ಬಾಳೆಹಣ್ಣನ್ನು ವರ್ಷದಿಂದ ಬಿಟ್ಟಿದ್ದರು. "ಗಂಟಲು ಕೆರೀತದೆ, ಶೀತದ ಹಣ್ಣಲ್ಲವಾ" ಎಂದರು. ಒಂದು ಎಚ್ಚರಿಕೆ: ತಿಂದರೆ ಏನೂ ಆಗದವರು ಈ ಲೇಖನ ಓದಿ ಬಾಳೆಹಣ್ಣು ಬಿಡಬೇಕಾಗಿಲ್ಲ. ಬಡವರಿಗೆ ಅಷ್ಟು ಒಳ್ಳೆಯ ಹಣ್ಣು ಬೇರೆ ಯಾವುದಿದೆ?

ಈ ರೋಗ ಇತ್ತೀಚಿನದೆಂದು ಹೇಳಬಹುದು. ರಬ್ಬರು ಬಳಕೆಗೆ ಬಂದು ಬಹಳ ಕಾಲವಾಗಿದ್ದರೂ, ಗವಸಿನಿಂದ ಕೂಡಲೇ ಗಂಧೆ ಏಳುವುದನ್ನು ವೈದ್ಯಪತ್ರಿಕೆಯಲ್ಲಿ ಬರೆದು ಲೋಕದ ಗಮನಕ್ಕೆ ತಂದುದು 1979ರಲ್ಲಿ, ಇಂಗ್ಲೆಂಡಿನಲ್ಲಿ. ಮನೆಗೆಲಸಕ್ಕೆ ರಬ್ಬರಿನ ಗವಸು ಹಾಕುತ್ತಿದ್ದ ಗೃಹಿಣಿಯೊಬ್ಬಳ ಪ್ರಕರಣ ಅದು. ಅನಂತರ ಏಡ್ಸ್ ರೋಗ ಬಂತು. 1987ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯವರು ಯಾವ ರೋಗಿಯ ರಕ್ತವನ್ನು ಮುಟ್ಟುವಾಗಲೂ ಗವಸು ಇರಬೇಕೆಂದು ಸೂಚಿಸಿದ ಮೇಲೆ ಆಸ್ಪತ್ರೆಗಳಲ್ಲಿ ಗವಸಿನ ಖರ್ಚು ಎಷ್ಟೋ ಪಾಲು ಹೆಚ್ಚಿತು, ಜೊತೆಗೆ ಈ ಅಲರ್ಜಿಯೂ ಹೆಚ್ಚಿತು. 1997ರಲ್ಲಿ ಅಲ್ಲಿನ ಕಾರ್ಮಿಕರ ಆರೋಗ್ಯ ಸಂಸ್ಥೆಯೊಂದು ಲೆಕ್ಕ ಕೊಟ್ಟಿತು: ಜನಸಾಮಾನ್ಯರಲ್ಲಿ ನೂರಕ್ಕೆ 1ರಿಂದ 6 ಮಂದಿಯ ಮೈ ಲ್ಯಾಟೆಕ್ಸಿಗೆ ಖಾತೆ ತೆರೆದಿದ್ದರೆ, ದಿನವೂ ಗವಸು ಹಾಕುವ ಆಸ್ಪತ್ರೆಯ ಕೆಲಸದವರಲ್ಲಿ ನೂರಕ್ಕೆ 8ರಿಂದ 12 ಮಂದಿ. 2017ರ ಜನವರಿಯಿಂದ ಪುಡಿಹಾಕಿದ ವೈದ್ಯಕೀಯ ಗವಸನ್ನೇ ಆ ದೇಶ ನಿಷೇಧಿಸಿತು. ಅಲ್ಲಿನ ಕ್ಯಾಲಿಫೋರ್ನಿಯ, ಅರಿಜೋನ ಮೊದಲಾದ ಕೆಲವು ರಾಜ್ಯಗಳಲ್ಲಿ ಹೋಟೆಲಿನ ಅಡುಗೆಯವರು ಲ್ಯಾಟೆಕ್ಸ್ ಗವಸು ಹಾಕುವುದಕ್ಕೂ ಅಡ್ಡಿಯುಂಟು. ಏಕೆಂದರೆ ಗವಸಿನ ಪ್ರೋಟೀನು ತಿಂಡಿಗೆ ಅಂಟಿ ಉಣ್ಣುವವನ ಬಾಯಿಗೂ ಹೋಗಬಲ್ಲದು. ಚೊಕ್ಕಟಕ್ಕೆಂದು ಹಾಕಿದ ಗವಸು ಗಿರಾಕಿಗೇ ಮುಳುವಾಗುವುದೆಂದರೆ ವಿಚಿತ್ರವಲ್ಲವೆ?

ಯಾರು ಹೆಚ್ಚು ಎಚ್ಚರದಿಂದಿರಬೇಕು? ಆಸ್ಪತ್ರೆಯ ದಾದಿಯರು, ವಾರ್ಡಿನ ಆಯಾಗಳು, ನೆಲ ಒರೆಸುವವರು, ರಬ್ಬರ್ ಕಾರ್ಖಾನೆಯವರು, ಹೋಟೆಲು ಮತ್ತು ಔಷಧದ ಕಾರ್ಖಾನೆಗಳಲ್ಲಿ ದಿನವಿಡೀ ಗವಸು ತೊಡುವವರು. ಮೊದಲೇ ಉಬ್ಬಸ, ಇಸುಬು, ಸೀನಿನ ಕಾಟ ಇದ್ದವರು. ಚಿಕ್ಕಂದಿನಿಂದ ಅನೇಕ ಸಲ ಶಸ್ತ್ರಚಿಕಿತ್ಸೆಯಾದವರು, ಅದರಲ್ಲಿಯೂ ಬೆನ್ನುಹುರಿಯ ದೋಷದಿಂದ ಹುಟ್ಟಿದ ಮಕ್ಕಳು. ಇಂಥ ಮಕ್ಕಳನ್ನು ಮೊದಲಿನಿಂದಲೂ ಲ್ಯಾಟೆಕ್ಸಿನಿಂದ ದೂರವಿಡಬೇಕೆಂದು ವೈದ್ಯರು ಹೇಳುತ್ತಾರೆ.

ಸಂಶಯವಿದ್ದವರು ಮಾಡಬೇಕಾದುದು ಪರೀಕ್ಷೆ. ಚರ್ಮದ ಮೇಲೆ ಹನಿಯಿಟ್ಟು ಸೂಜಿಯಿಂದ ಮೆಲ್ಲನೆ ಚುಚ್ಚಿ ನೋಡುವುದೊಂದು, ರಕ್ತದಲ್ಲಿ ಲ್ಯಾಟೆಕ್ಸಿನ ಐ.ಜಿ.ಇ. ಇದೆಯೇ ಎಂದು ನೋಡುವುದು ಇನ್ನೊಂದು. ಎರಡನೆಯ ಬಗೆಯ ತಡದ ಅಲರ್ಜಿಗಾದರೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುತ್ತಾರೆ. ಯಾವುದು ಬೇಕೆಂದು ವೈದ್ಯರೇ ಹೇಳಬೇಕು. ಸೆಂಟ್ರಲ್ ಸ್ಟೇಷನ್ನಿಗೆ ಎದುರಾಗಿರುವ, ಹಿರಿಯರು ಇಂದಿಗೂ ಜಿ.ಎಚ್. ಎಂದೇ ಕರೆಯುವ ಸರಕಾರಿ ಜನರಲ್ ಆಸ್ಪತ್ರೆಯಲ್ಲಿಯೂ ಉತ್ತರ ಭಾಗದವರಿಗೆ ಹತ್ತಿರವಾದ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿಯೂ ಚರ್ಮರೋಗದ ವಿಭಾಗಗಳುಂಟು. ಇ.ಎಸ್.ಐ. ಇದ್ದವರು ಮೊದಲು ತಮ್ಮ ಡಿಸ್ಪೆನ್ಸರಿಗೆ ಹೋಗಿ ಅಲ್ಲಿಂದ ಚೀಟಿ ಪಡೆಯುವುದು ಕ್ರಮ. ಒಂದನ್ನು ಮಾತ್ರ ಮಾಡಕೂಡದು: "ನೋಡೇ ಬಿಡೋಣ" ಎಂದು ಮನೆಯಲ್ಲಿ ಗವಸು ಹಾಕಿಕೊಂಡು ಪರೀಕ್ಷಿಸುವುದು. ಹಾಗೆ ಮಾಡಿ ಉಸಿರು ಕಟ್ಟಿದರೆ ಪಕ್ಕದಲ್ಲಿ ಸೂಜಿಯವರು ಇರುವುದಿಲ್ಲ.

ಲ್ಯಾಟೆಕ್ಸ್ ಅಲರ್ಜಿಯನ್ನು ಬೇರುಸಹಿತ ಕೀಳುವ ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ತಗಲದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಕೈಗವಸು, ಬಲೂನು, ಬೆರಳಿನ ಟೋಪಿ, ರಬ್ಬರ್ ಬ್ಯಾಂಡು, ಬಿಸಿನೀರಿನ ಚೀಲ, ಕೆಲವು ಅಂಟುಪಟ್ಟಿ, ಮೂತ್ರದ ನಳಿಗೆ, ಕುಟುಂಬ ಯೋಜನೆಯ ನಿರೋಧ್ ಇವೆಲ್ಲ ಸಾಮಾನ್ಯವಾಗಿ ಲ್ಯಾಟೆಕ್ಸಿನವು. ಕೊನೆಯದನ್ನು ಬರೆಯಲು ಸಂಕೋಚವಾದರೂ ಬರೆದೆವು. ಗಂಡಹೆಂಡಿರಿಬ್ಬರಲ್ಲಿ ಯಾರಿಗೆ ಒಗ್ಗದಿದ್ದರೂ ವೈದ್ಯರಿಗೆ ಹೇಳಿದರೆ ಬೇರೆ ವಸ್ತುವಿನದು ದೊರೆಯುತ್ತದೆ. ಗೋಡೆಗೆ ಬಳಿಯುವ ಲ್ಯಾಟೆಕ್ಸ್ ಪೇಂಟ್ ಎಂಬುದರಲ್ಲಿ ಹೆಸರಿನ ಹೊರತು ರಬ್ಬರ್ ಹಾಲಿಲ್ಲ, ಅದಕ್ಕೆ ಹೆದರಬೇಡಿ.

ಗವಸಿಲ್ಲದೆ ಕೆಲಸ ನಡೆಯದು ಎಂಬವರಿಗೆ ನೈಟ್ರೈಲ್, ವಿನೈಲ್ ಎಂಬ ಗವಸುಗಳಿವೆ. ಇವು ಮರದ ಹಾಲಿನವಲ್ಲ. ನೈಟ್ರೈಲ್ ಹೆಚ್ಚಾಗಿ ನೀಲಿ ಬಣ್ಣದಲ್ಲಿ ಬರುತ್ತದೆ. ಆದರೆ ಬಣ್ಣವನ್ನು ನಂಬಿ ಕೊಳ್ಳಬೇಡಿ, ಪೆಟ್ಟಿಗೆಯ ಮೇಲಿನ ಅಕ್ಷರ ಓದಿ, ಓದಲಾಗದಿದ್ದರೆ ಇಲ್ಲಿಗೆ ತನ್ನಿ. ತಡದ ಅಲರ್ಜಿಯವರು ಮಾತ್ರ ನೈಟ್ರೈಲಿನಲ್ಲಿಯೂ ಅಂಥದೇ ರಾಸಾಯನಿಕ ಇರಬಹುದೆಂದು ತಿಳಿದಿರಬೇಕು. "ಅಲರ್ಜಿ ಮಾಡದ ಗವಸು" ಎಂದು ಮೇಲೆ ಬರೆದಿದ್ದರೆ ಅದಕ್ಕೂ ಮರುಳಾಗಬೇಡಿ. ಲ್ಯಾಟೆಕ್ಸಿನ ವೈದ್ಯಕೀಯ ಸಾಮಾನಿನ ಮೇಲೆ ಅಂಥ ಮಾತನ್ನು ಮುದ್ರಿಸಕೂಡದೆಂದು ಅಮೆರಿಕ 1998ರಲ್ಲೇ ನಿಯಮ ಜಾರಿಗೆ ತಂದಿತು.

ಧಣಿಗಳನ್ನು ಕೇಳುವುದು ಹೇಗೆ ಎಂಬುದೇ ಅನೇಕರ ತೊಡಕು. ಗವಸು ಒಗ್ಗದೆಂದರೆ ಕೆಲಸಕ್ಕೆ ಒಗ್ಗದವನೆಂದು ಮನೆಗೆ ಕಳಿಸಿಯಾರೆಂಬ ಭಯ. ಈ ಭಯ ಸುಳ್ಳೆಂದು ನಾವು ಹೇಳಲಾರೆವು. ನಮ್ಮ ಬಂಧುವೂ ಇದೇ ಕಾರಣಕ್ಕೆ ಎರಡು ವರ್ಷ ಬಾಯಿ ಬಿಡಲಿಲ್ಲ. ಬಾಯಿಮಾತಿಗಿಂತ ವೈದ್ಯರ ಚೀಟಿಗೆ ಬೆಲೆ ಹೆಚ್ಚು ಎಂಬುದು ಕಚೇರಿಯವರಾದ ನಮ್ಮ ಅನುಭವ. "ಲ್ಯಾಟೆಕ್ಸ್ ತಗಲಕೂಡದು, ನೈಟ್ರೈಲ್ ಗವಸು ತೊಟ್ಟು ಕೆಲಸ ಮಾಡಬಹುದು" ಎಂದು ವೈದ್ಯರಿಂದ ಬರೆಸಿಕೊಂಡು ಕೊಡಿ. ಎರಡನೆಯ ಮಾತನ್ನು ಮರೆಯದೆ ಬರೆಸಿರಿ. ಕೆಲಸ ಮಾಡಬಲ್ಲನೆಂಬುದು ಆ ಕಾಗದದಲ್ಲಿ ಇರಬೇಕು. ಒಬ್ಬರಿಗೆ ಮಾತ್ರ ನೈಟ್ರೈಲ್ ಕೊಟ್ಟು ಪಕ್ಕದವರು ಪುಡಿಯ ಲ್ಯಾಟೆಕ್ಸನ್ನೇ ಹಾಕುತ್ತಿದ್ದರೆ ಪ್ರಯೋಜನ ಕಡಿಮೆ ಎಂಬುದನ್ನೂ ಸಮಾಧಾನದಿಂದ ತಿಳಿಸಬೇಕು. ನಮ್ಮ ಬಂಧುವಿನ ಹೋಟೆಲಿನವರು ಲೆಕ್ಕ ಹಾಕಿ ನೋಡಿ, ಕೊನೆಗೆ ತಿಂಡಿ ಕಟ್ಟುವವರಿಗೆಲ್ಲ ಇಕ್ಕಳ ಕೊಟ್ಟು, ಪಾತ್ರೆ ತೊಳೆಯುವವರಿಗೆ ಮಾತ್ರ ನೈಟ್ರೈಲ್ ತರಿಸಿದರು. ಖರ್ಚೂ ಇಳಿಯಿತಂತೆ.

ಆಸ್ಪತ್ರೆಗೆ ಹೋದಾಗ ಇನ್ನೂ ಎಚ್ಚರ ಬೇಕು. ಕೈಯ ಚರ್ಮಕ್ಕೆ ತಗಲುವುದಕ್ಕಿಂತ ಬಾಯಿ, ಹೊಟ್ಟೆ, ಮೂತ್ರದ್ವಾರ, ತೆರೆದ ಗಾಯ ಇವುಗಳ ಒಳಗೆ ತಗಲಿದರೆ ಅಪಾಯ ಹಲವು ಪಾಲು ಹೆಚ್ಚು. ಹಲ್ಲಿನ ವೈದ್ಯರಿರಲಿ, ಹೆರಿಗೆಯ ವಾರ್ಡಿರಲಿ, ಗವಸು ತೊಡುವ ಮೊದಲೇ ಹೇಳಬೇಕು. ತೊಟ್ಟ ಮೇಲೆ ಹೇಳಿದರೆ ತಡವಾಯಿತು. ಶಸ್ತ್ರಚಿಕಿತ್ಸೆಯಿದ್ದರೆ ದಿನದ ಮೊದಲನೆಯದಾಗಿ ಬೆಳಿಗ್ಗೆಯೇ ಮಾಡಿರೆಂದು ಕೇಳಬಹುದು, ಆ ಹೊತ್ತಿಗೆ ಕೋಣೆಯ ಗಾಳಿಯಲ್ಲಿ ಗವಸಿನ ಪುಡಿ ಹಾರಿರುವುದಿಲ್ಲ. ತಮಿಳು ಬಾರದವರು ಈ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ: "ಎನಕ್ಕು ರಬ್ಬರ್ ಗ್ಲೌಸ್ ಒತ್ತುಕ್ಕಾದು. ಲ್ಯಾಟೆಕ್ಸ್ ಅಲರ್ಜಿ ಇರುಕ್ಕು. ವೇರ ಗ್ಲೌಸ್ ಪೋಡುಂಗ." ರಬ್ಬರ್ ಗವಸು ನನಗೆ ಒಗ್ಗದು, ಬೇರೆ ಗವಸು ಹಾಕಿಕೊಳ್ಳಿ ಎಂದು ಅರ್ಥ.

ಇಷ್ಟಾದರೂ ಎಂದಾದರೂ ತಗಲಿ, ಗಂಧೆಯೊಡನೆ ತುಟಿ ನಾಲಗೆ ಊದಿದರೆ, ಧ್ವನಿ ಕಟ್ಟಿದರೆ, ಉಸಿರು ಎಳೆದರೆ, ತಲೆ ಸುತ್ತಿ ಬಿದ್ದರೆ, ಅದು ಪ್ರಾಣಕ್ಕೆ ಬಂದ ಹೊತ್ತು. ರಬ್ಬರನ್ನು ಮೊದಲು ತೆಗೆದುಹಾಕಿ. ಕೂಡಲೇ 108ಕ್ಕೆ ಫೋನು ಮಾಡಿ. "ಮೂಚ್ಚು ವಿಡ ಮುಡಿಯಲೆ" ಎಂದರೆ ಉಸಿರಾಡಲು ಆಗುತ್ತಿಲ್ಲ ಎಂದು ಅವರಿಗೆ ತಿಳಿಯುತ್ತದೆ. ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿ ಕಾಲನ್ನು ಎತ್ತರಿಸಿಡಿ. ಉಸಿರು ಕಟ್ಟುತ್ತಿದ್ದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬೇಡಿ. ನೀರು, ಕಾಫಿ, ನಿಂಬೆಹಣ್ಣಿನ ಪಾನಕ ಏನನ್ನೂ ಬಾಯಿಗೆ ಹಾಕಬೇಡಿ. ಇದಕ್ಕೆ ಮದ್ದು ತೊಡೆಯ ಹೊರಮಗ್ಗುಲಿನ ಮಾಂಸಖಂಡಕ್ಕೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಒಂದೇ. ಔಷಧದ ಅಂಗಡಿಯ ಸೆಟ್ರಿಜಿನ್ ಗುಳಿಗೆ ತುರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಗುಳಿಗೆ ನುಂಗಿಸಿ ಕಾದು ನೋಡುವುದರಲ್ಲೇ ಹೊತ್ತು ಹೋಗುತ್ತದೆ. ಆಂಬುಲೆನ್ಸಿನವರಿಗೂ ಲ್ಯಾಟೆಕ್ಸ್ ಎಂದು ಹೇಳಿ, ಅವರ ಕೈಯಲ್ಲಿಯೂ ಗವಸು ಇರುತ್ತದೆ. ಇಂಜೆಕ್ಷನ್ನಿನಿಂದ ಆರಾಮವಾಯಿತೆಂದು ಕೂಡಲೇ ಮನೆಗೆ ಬರಲೂ ಕೂಡದು. ಕೆಲವು ಗಂಟೆ ಕಳೆದು ಅದು ಮರುಕಳಿಸುವುದುಂಟು. ವೈದ್ಯರು ಬಿಡುವ ತನಕ ಅಲ್ಲಿಯೇ ಇರಬೇಕು.

ನಮ್ಮ ಬಂಧುವಿಗೆ ಉಳಿದ ಹಲ್ಲನ್ನು ಅದೇ ವೈದ್ಯರು ನೀಲಿ ಗವಸು ತೊಟ್ಟು ಕಿತ್ತರು. ಫಾರಂ ಈ ಸಲವೂ ನಾವೇ ತುಂಬಿದೆವು. ಈಗ ವಾಚನಾಲಯದಲ್ಲಿ ಆಸ್ಪತ್ರೆಯ ಫಾರಂ ಬಂದರೆ ಅಲರ್ಜಿಯ ಕಾಲಮಿನಲ್ಲಿ ಲೇಖಣಿ ಕೆಳಗಿಟ್ಟು ನಾಲ್ಕು ಪ್ರಶ್ನೆ ಕೇಳುತ್ತೇವೆ: ಗವಸು ಹಾಕಿದಾಗ ತುರಿಸುತ್ತದೆಯೆ? ಬಲೂನು ಊದಿದರೆ ತುಟಿ ಊದುತ್ತದೆಯೆ? ಬಾಳೆಹಣ್ಣು ತಿಂದರೆ ಗಂಟಲು ಕೆರೆಯುತ್ತದೆಯೆ? ಹಿಂದೆ ಆಪರೇಷನ್ ಆದಾಗ, ಹಲ್ಲು ಕಿತ್ತಾಗ ಏನಾದರೂ ತೊಂದರೆಯಾಗಿತ್ತೆ? ಹಿಂದೆ ನಿಂತವರಿಗೆ ತಡವಾಗುತ್ತದೆ, ಸ್ವಲ್ಪ ಸೈರಿಸಿಕೊಳ್ಳಬೇಕು.

ಜೇಬಿನಲ್ಲಿಟ್ಟುಕೊಳ್ಳುವ ಚೀಟಿಯನ್ನು ಒಂದು ಕಡೆ ತಮಿಳು, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಬರೆದು ಪ್ಲಾಸ್ಟಿಕ್ ಹೊದಿಸಿ ಕೊಡುತ್ತೇವೆ. ಬೇಕಾದವರು ವೈದ್ಯರ ಕಾಗದದೊಡನೆ ಭಾನುವಾರ ಬೆಳಿಗ್ಗೆ ಬನ್ನಿ. ಹಣವೇನೂ ಇಲ್ಲ. ಚೀಟಿಯ ಕಟ್ಟಿಗೆ ರಬ್ಬರ್ ಬ್ಯಾಂಡು ಹಾಕಬೇಡಿರೆಂದು ನಮ್ಮ ಜೊತೆಯ ಸ್ವಯಂಸೇವಕರಿಗೂ ಹೇಳಿದ್ದೇವೆ, ದಾರ ಕಟ್ಟಿಟ್ಟಿದೆ.